ರಾಕ್ನಾ ಲಂಗರು: ಕಚ್ಚುವುದು ಬೇಗ, ಆದರೆ ಸರಪಳಿಗೆ ಜಿಪುಣತನ ಬೇಡ

ಹತ್ತು ಮೀಟರ್ ಆಸುಪಾಸಿನ ಹಾಯಿದೋಣಿಗೆ 15 ಕೆಜಿಯ ರಾಕ್ನಾ ಸಾಕು. ಟನ್‌ಗಟ್ಟಲೆ ತೂಗುವ ದೋಣಿಯನ್ನು ಇಷ್ಟು ಹಗುರದ ಉಕ್ಕು ಹಿಡಿದಿಡುವುದು ಅಲಗಿನ ಬಲದಿಂದ. ಒಳಬಾಗಿದ ಆ ಚೂಪು ಅಲಗು ಎಳೆದಷ್ಟೂ ಮರಳಿನಾಳಕ್ಕೆ ಇಳಿಯುತ್ತದೆ, ಮುಂದಿರುವ ನೆಲವೇ ಅದಕ್ಕೆ ಅಡ್ಡ ನಿಲ್ಲುತ್ತದೆ. ಹಿಂಬದಿಯ ಕಮಾನು ಕಂಬಿ ಅಲಂಕಾರಕ್ಕಲ್ಲ: ಲಂಗರು ತಲೆಕೆಳಗಾಗಿ ಬಿದ್ದರೂ ಅದರ ಮೇಲೆ ಉರುಳಿ ತುದಿಯನ್ನು ನೆಲಕ್ಕೆ ತಾಗಿಸಿಕೊಳ್ಳುತ್ತದೆ. 1933ರ ನೇಗಿಲಿನಾಕಾರದ ಸಿಕ್ಯುಆರ್ ಲಂಗರು ಗಟ್ಟಿ ಮರಳನ್ನು ಸುಮ್ಮನೆ ಉಳುತ್ತಾ ಸಾಗುವಂಥ ಕಡೆ ಇದು ಬೇಗ ಕಚ್ಚುತ್ತದೆ.

ಆದರೆ ಎಳೆತ ನೆಲದ ಮಟ್ಟಕ್ಕೆ ಹತ್ತಿರವಿರಬೇಕು. ನೀರಿನ ಆಳ 5 ಮೀಟರ್, ನೀರಿನಿಂದ ದೋಣಿಯ ಮೂತಿಯಲ್ಲಿ ಸರಪಳಿ ಹಾಯುವ ರೋಲರ್‌ವರೆಗೆ 1, ಇನ್ನೂ ಏರಲಿರುವ ಉಬ್ಬರ 2, ಒಟ್ಟು 8. ಅದರ ಐದು ಪಟ್ಟು, ಅಂದರೆ 40 ಮೀಟರ್ ಸರಪಳಿ ಬಿಡಿ. ಜೋರು ಗಾಳಿಗೆ ಸರಪಳಿ ಪೂರ್ತಿ ಬಿಗಿದರೂ ಎಳೆತದ ಕೋನ 12 ಡಿಗ್ರಿ ಮೀರದು. ಮೂರೇ ಪಟ್ಟು ಬಿಟ್ಟರೆ 20ರ ಹತ್ತಿರ ಹೋಗಿ ಅಲಗು ಮೇಲೆದ್ದು ಸಡಿಲವಾಗಬಹುದು. ಉಬ್ಬರ ಲೆಕ್ಕಕ್ಕೆ ಹಿಡಿಯದಿದ್ದರೆ ದೋಣಿ ರಾತ್ರಿ ಜಾರಬಹುದು. ಸರಪಳಿಗೆ ಹಗ್ಗ ಸೇರಿಸಿದ್ದರೆ ಏಳು ಪಟ್ಟು ಬೇಕು.

ಮೂತಿ ಗಾಳಿಗೆ ತಿರುಗಿಸಿ, ದೋಣಿ ನಿಂತ ಮೇಲೆ ಲಂಗರು ಇಳಿಸಿ. ದೋಣಿ ಹಿಂದೆ ಸರಿದಂತೆ ಸರಪಳಿ ಬಿಡಬೇಕು. ಒಮ್ಮೆಗೇ ಸುರಿದರೆ ಲಂಗರಿನ ಮೇಲೆ ರಾಶಿಬಿದ್ದು ಸಿಕ್ಕಾಗುತ್ತದೆ. ಪೂರ್ತಿ ಬಿಟ್ಟಾದ ಮೇಲೆ ಎಂಜಿನನ್ನು ರಿವರ್ಸ್‌ನಲ್ಲಿ ನಿಧಾನಕ್ಕೆ ಏರಿಸಿ, ಅರ್ಧ ನಿಮಿಷ ಹಾಗೇ ಇಡಿ. ರೋಲರ್ ಆಚೆಯ ಸರಪಳಿಯ ಮೇಲೆ ಅಂಗೈ ಇಟ್ಟರೆ ಗೊತ್ತಾಗುತ್ತದೆ: ಗಡಗಡ ನಡುಗಿದರೆ ಲಂಗರು ಜಾರುತ್ತಿದೆ, ಬಿಗಿದು ಸುಮ್ಮನಿದ್ದರೆ ಕಚ್ಚಿದೆ. ದಡದಲ್ಲಿ ಒಂದರ ಹಿಂದೊಂದಿರುವ ಎರಡು ಗುರುತುಗಳು ಸಾಲು ತಪ್ಪದಿದ್ದರೆ ಪೂರ್ತಿ ನಂಬಬಹುದು.

ಕೊರತೆಗಳೂ ಇವೆ. ಜಿಗುಟು ಕೆಸರಿನಲ್ಲಿ ಗಾಳಿ ಪೂರ್ತಿ ದಿಕ್ಕು ಬದಲಿಸಿ ಲಂಗರು ಕಿತ್ತುಬಂದರೆ, ಅಲಗಿನ ಗುಂಡಿಯಲ್ಲಿ ಕೆಸರಿನ ಗಟ್ಟಿ ಕೂತು ಮತ್ತೆ ಕಚ್ಚದೇ ಹೋಗಬಹುದು; ಮೇಲೆತ್ತಿ ತೊಳೆದೇ ಹಾಕಬೇಕು. ದಟ್ಟ ಕಡಲಹುಲ್ಲು, ಚಪ್ಪಟೆ ಬಂಡೆಗಳ ಮೇಲೆ ಇದನ್ನೂ ನೆಚ್ಚುವಂತಿಲ್ಲ. ಕಲ್ಲುಗಳಿರುವಲ್ಲಿ ಅಲಗಿನ ಹಿಂದಿನ ತೂತಿಗೆ ಹಗ್ಗ ಕಟ್ಟಿ ಬೋಯ್ ತೇಲಿಬಿಡಿ, ಸಿಕ್ಕಿಕೊಂಡರೆ ಹಿಂದಿನಿಂದ ಎಳೆದು ಬಿಡಿಸಬಹುದು.

ಸ್ವಿವೆಲ್ (ಸರಪಳಿ ತಿರುಚಿಕೊಳ್ಳದಂತೆ ತಿರುಗುವ ಕೊಂಡಿ) ಹಾಕುವುದಾದರೆ ನೇರ ಲಂಗರಿನ ದಂಡಕ್ಕೆ ಬೇಡ, ಅಡ್ಡ ಎಳೆತಕ್ಕೆ ಮುರಿಯುತ್ತದೆ. ನಡುವೆ ಕೆಲವು ಕೊಂಡಿ ಸರಪಳಿ ಇರಲಿ. ಸರಪಳಿಯನ್ನು ಲಂಗರಿಗೆ ಜೋಡಿಸುವ ಶ್ಯಾಕಲ್ ಕೊಂಡಿಯ ಪಿನ್ನು ಬಿಚ್ಚಿಕೊಳ್ಳದಂತೆ ಅದಕ್ಕೆ ತಂತಿ ಬಿಗಿಯಿರಿ. ಕೊಳ್ಳುವ ಮೊದಲು ರಟ್ಟಿನಲ್ಲಿ ಲಂಗರಿನ ಆಕಾರ ಅಳತೆಗೆ ಕತ್ತರಿಸಿ ಮೂತಿಯಲ್ಲಿಟ್ಟು ನೋಡಿ, ಎಷ್ಟೋ ದೋಣಿಗಳಲ್ಲಿ ಆ ಕಮಾನು ಕಂಬಿ ರೇಲಿಂಗಿಗೆ ತಾಗುತ್ತದೆ.