ಒಂದು 'ನೈಸ್' ಹಿಂದೆ ಇಷ್ಟೊಂದು ಕಥೆ: ಎಟಿಮ್‌ಆನ್‌ಲೈನ್ ಬಳಸಿದ ಅನುಭವ

ಹೋದ ವಾರ ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಇಂಗ್ಲಿಷ್‌ನಲ್ಲಿ ಪತ್ರ ಬರೆಯಲು ಹೇಳಿದ್ದೆ. ಒಬ್ಬಳ ಪತ್ರದಲ್ಲಿ ಒಂದೇ ಪುಟಕ್ಕೆ ಆರು 'ನೈಸ್'. ನೈಸ್ ಊರು, ನೈಸ್ ಊಟ, ನೈಸ್ ಅಜ್ಜಿ. ಕೆಂಪು ಪೆನ್ನು ಪಕ್ಕಕ್ಕಿಟ್ಟು, ಫೋನಿನಲ್ಲಿ ಎಟಿಮ್‌ಆನ್‌ಲೈನ್ ತೆರೆದು ಆ ಪದದ ಕಥೆಯನ್ನೇ ಓದಿ ಹೇಳಿದೆ.

ಇದು ಇಂಗ್ಲಿಷ್ ಪದಗಳ ಹುಟ್ಟು ಹೇಳುವ ನಿಘಂಟು. ಅಮೆರಿಕದ ಡಗ್ಲಸ್ ಹಾರ್ಪರ್ ಶುರು ಮಾಡಿದ್ದು. ಪದ ಹುಡುಕಲು ದುಡ್ಡು ಕೊಡಬೇಕಿಲ್ಲ. ಪದ ಬರಹದಲ್ಲಿ ಮೊದಲು ಸಿಕ್ಕ ಕಾಲ, ಬಂದ ದಾರಿ, ಅರ್ಥ ಬದಲಾದ ಬಗೆ, ಎಲ್ಲ ಒಂದೇ ಕಡೆ ಸಿಗುತ್ತದೆ.

ನೈಸ್‌ನ ಮೂಲ ಲ್ಯಾಟಿನ್‌ನ 'ನೆಸ್ಕಿಯುಸ್'. 'ನೆ' ಅಂದರೆ ಇಲ್ಲ, 'ಸ್ಕೀರೆ' ಅಂದರೆ ತಿಳಿಯುವುದು. ಸೈನ್ಸ್ ಪದವೂ ಇದೇ ಸ್ಕೀರೆಯ ಮನೆತನದ್ದು. ಹಳೆಯ ಫ್ರೆಂಚ್ ದಾಟಿ 13ನೇ ಶತಮಾನದ ಕೊನೆಗೆ ಇಂಗ್ಲಿಷ್‌ಗೆ ಬಂದಾಗ ನೈಸ್ ಅಂದರೆ ಪೆದ್ದ! ಆಮೇಲೆ ನಾಜೂಕು, ನಿಖರ ಅಂತೆಲ್ಲ ಆಗಿ, 1769ರ ಹೊತ್ತಿಗೆ ಹಿತವಾದದ್ದು ಅನ್ನುವ ಅರ್ಥ ಬಂತು.

"ಹಾಗಾದ್ರೆ ನಾನು ಅಜ್ಜೀನ ಪೆದ್ದಿ ಅಂದ್ನಾ ಮೇಡಂ?" ಅಂತ ಅವಳು ಗಾಬರಿಯಿಂದ ಕೇಳಿದಳು. ಇಲ್ಲಮ್ಮ, ಈಗ ಆ ಅರ್ಥ ಇಲ್ಲ ಅಂತ ಸಮಾಧಾನ ಮಾಡಿದೆ.

ಅಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗ ಹೇಳಿದ, "ನಮ್ಮಮ್ಮ ದೋಸೆ ಹಿಟ್ಟು ನೈಸಾಗಿ ರುಬ್ಬು ಅಂತಾರೆ." ನನಗೆ ಮೈ ಜುಮ್ಮೆಂದಿತು. ನಮ್ಮ ಅಡುಗೆಮನೆಯ ನೈಸ್ ಅಂದರೆ ನುಣ್ಣಗೆ, ಅಲ್ವಾ? ಇಂಗ್ಲಿಷ್‌ನಲ್ಲೂ 'ನೈಸ್ ಡಿಸ್ಟಿಂಕ್ಷನ್' ಅಂದರೆ ಚೆಂದದ ವ್ಯತ್ಯಾಸ ಅಲ್ಲ, ಕೂದಲೆಳೆಯಷ್ಟು ಸೂಕ್ಷ್ಮವಾದದ್ದು. ಬೋರ್ಡಿನ ಮೇಲೆ ಎರಡನ್ನೂ ಅಕ್ಕಪಕ್ಕ ಬರೆದೆ. ಇನ್ನೊಬ್ಬಳು "ಕೆಲಸ ಆಗಬೇಕಾದ್ರೆ ನೈಸ್ ಮಾಡ್ತಾರಲ್ಲ, ಅದು?" ಅಂದಳು. ಅದನ್ನೂ ಬರೆದೆ. ಬೆಲ್ ಹೊಡೆದದ್ದೇ ಗೊತ್ತಾಗಲಿಲ್ಲ.

ಒಂದು ಮಾತು. ಹುಟ್ಟು ಬೇರೆ, ಇವತ್ತಿನ ಅರ್ಥ ಬೇರೆ. ಇದನ್ನು ಆ ನಿಘಂಟೇ ಹೇಳುತ್ತದೆ. ಬಳಕೆ ಕಲಿಯಲು ಉದಾಹರಣೆ ವಾಕ್ಯಗಳಿರುವ ಇನ್ನೊಂದು ಡಿಕ್ಷನರಿ ಜೊತೆಗಿರಲಿ. ಮೂಲಧಾತುಗಳ ಮುಂದೆ ನಕ್ಷತ್ರದ ಗುರುತು ಕಂಡರೆ, ಅವು ಬರಹದಲ್ಲಿ ಸಿಕ್ಕವಲ್ಲ, ವಿದ್ವಾಂಸರು ಊಹಿಸಿ ಕಟ್ಟಿದ ರೂಪಗಳು. ಮಕ್ಕಳಿಗೆ ಇದನ್ನು ಪಕ್ಕದಲ್ಲಿ ಕೂತು ಹೇಳಿಕೊಡಬೇಕು.

ಇಂಗ್ಲಿಷ್ ಮೇಷ್ಟ್ರುಗಳು ಖಂಡಿತ ಬಳಸಿ. ನಾನೀಗ ಸೋಮವಾರಕ್ಕೊಂದು ಪದ ಇಟ್ಟುಕೊಂಡಿದ್ದೇನೆ. ಈ ಸಲ 'ಮಸಲ್'. ಲ್ಯಾಟಿನ್‌ನಲ್ಲಿ ಅದು 'ಪುಟ್ಟ ಇಲಿ'. ತೋಳು ಮಡಿಸಿ ಇಲಿ ಓಡಿಸಿ ತೋರಿಸಲು ಹಿಂದಿನ ಬೆಂಚಿನವರು ತಯಾರಾಗೇ ಇರ್ತಾರೆ.