ಗ್ಲೇಝ್ ಹಚ್ಚಿದ ದಿನ ಹೊಳೆಯಿತು, ನಾಲ್ಕು ವಾಶ್ ಆದ ಮೇಲೆ ನಿಜ ಗೊತ್ತಾಯಿತು

ಕಪ್ಪು ಕಾರು ಇರುವವರು, ಅದರಲ್ಲೂ ಹೊಸದಾಗಿ ಪಾಲಿಶಿಂಗ್ ಮಷೀನ್ ಕೊಂಡವರು, ಮೊದಲು ಇದನ್ನು ಓದಿ, ಆಮೇಲೆ ಪ್ಲಗ್ ಹಾಕಿ. ನನ್ನ ಕಾರಿನ ಪೇಂಟನ್ನು ನಾನೇ ಕೈಯಾರೆ ಕೆಡಿಸಿಕೊಂಡೆ. ಅದೂ ಕಾಂಪೌಂಡ್ (ಪೇಂಟನ್ನೇ ಸ್ವಲ್ಪ ಸವೆಸಿ ಗೀರು ತೆಗೆಯುವ, ಉಜ್ಜುವ ಪುಡಿ ಇರುವ ಪೇಸ್ಟ್) ಹಾಕಿ ಜೋರಾಗಿ ಉಜ್ಜಿದ್ದಕ್ಕೆ ಆಗಿದ್ದಿದ್ದರೆ ಒಪ್ಪಿಕೊಳ್ಳಬಹುದಿತ್ತು. ಬರೀ ಗ್ಲೇಝ್ ಹಚ್ಚಲು ಹೋಗಿ! ಅದರಲ್ಲಿ ಉಜ್ಜುವ ಪುಡಿಯೇ ಇಲ್ಲ, ಇದರಿಂದ ಪೇಂಟಿಗೆ ಏನಾಗುತ್ತದೆ ಮಹಾ ಅಂತ ಧೈರ್ಯವಾಗಿದ್ದೆ.

ಗ್ಲೇಝ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಒಂದು ಮಾತು. ಚಳಿಗಾಲದಲ್ಲಿ ಒಣಗಿದ ಕೈ ಮೇಲೆ ಉಗುರಿನಿಂದ ಗೀಚಿದರೆ ಬಿಳಿ ಗೆರೆ ಬೀಳುತ್ತದೆ ಅಲ್ವಾ, ಸ್ವಲ್ಪ ಎಣ್ಣೆ ಸವರಿದರೆ ಆ ಗೆರೆ ಮಾಯ. ಗ್ಲೇಝ್ ಮಾಡುವುದೂ ಅಷ್ಟೇ. ಅದರಲ್ಲಿರುವ ಎಣ್ಣೆ ಮತ್ತು ತುಂಬುವ ಅಂಶ ಸಣ್ಣ ಗೀರುಗಳೊಳಗೆ ಕೂತುಕೊಳ್ಳುತ್ತವೆ, ಪೇಂಟ್ ಆಳವಾಗಿ, ಒದ್ದೆಯಾಗಿ ಕಾಣುತ್ತದೆ. ಗೀರು ಹೋಗಿರುವುದಿಲ್ಲ, ಕಾಣುವುದಿಲ್ಲ ಅಷ್ಟೇ. ಕೆಲವು ಬಾಟಲಿಗಳಲ್ಲಿ ತುಂಬಾ ನುಣ್ಣನೆಯ ಪುಡಿ ಸ್ವಲ್ಪ ಇರುವುದೂ ಉಂಟು. ಮೇಲೆ ರಕ್ಷಣೆಯ ಪದರವಾಗಿ ವ್ಯಾಕ್ಸ್ ಅಥವಾ ಸೀಲಂಟ್ ಹಾಕದಿದ್ದರೆ ಕೆಲವೇ ವಾಶ್‌ಗೆ ಎಲ್ಲ ತೊಳೆದುಹೋಗುತ್ತದೆ. ನಾನು ಹಾಕಿರಲಿಲ್ಲ.

ಆ ದಿನ ಬೆಳಿಗ್ಗೆ ಕಾರು ತೊಳೆದೆ. ಕಣ್ಣಿಗೆ ಕ್ಲೀನ್ ಆಗಿತ್ತು. ಕ್ಲೇ ಬಾರ್ (ತೊಳೆದರೂ ಹೋಗದೆ ಪೇಂಟಿಗೆ ಅಂಟಿಕೊಂಡ ಚೂರುಗಳನ್ನು ಎತ್ತುವ, ಜೇಡಿಮಣ್ಣಿನಂಥ ಮುದ್ದೆ) ಇತ್ತು, ಅದನ್ನು ಉಜ್ಜುತ್ತಾ ಕೂರಲು ಯಾರಿಗೆ ಪುರುಸೊತ್ತು ಅಂತ ಬಿಟ್ಟೆ. ಮಷೀನಿಗೆ ಸಿಕ್ಕಿಸುವ ಪ್ಯಾಡ್ ಹಳೆಯದು. ಹಿಂದೊಮ್ಮೆ ಮಂಕಾಗಿದ್ದ ಹೆಡ್‌ಲೈಟಿಗೆ ಕಾಂಪೌಂಡ್ ಹಾಕಿ ಇದೇ ಫೋಮ್ ಪ್ಯಾಡಿನಲ್ಲಿ ಉಜ್ಜಿದ್ದೆ, ಆಮೇಲೆ ನಲ್ಲಿ ಕೆಳಗೆ ಹಿಂಡಿ ಒಣಹಾಕಿದ್ದೆ. ಮೆತ್ತಗಿದೆ, ಸಾಕು ಅನ್ನಿಸಿತು. ಮಷೀನ್ ಡಿಎ, ಅಂದರೆ ತಿರುಗುತ್ತಲೇ ಅಲ್ಲಾಡುವ ಥರದ್ದು. ಹೊಸಬರಿಗೆ ಇದೇ ಸೇಫ್ ಅಂತ ಎಲ್ಲರೂ ಹೇಳುತ್ತಾರೆ. ಪೇಂಟ್ ಸುಟ್ಟುಹೋಗುವ ವಿಷಯದಲ್ಲಿ ಅದು ನಿಜವೂ ಹೌದು. ಗೀರಿನ ವಿಷಯದಲ್ಲಿ ಅದೇ ಭರವಸೆ ಇಟ್ಟುಕೊಳ್ಳಬೇಡಿ.

ಸ್ಪೀಡ್ 5ಕ್ಕೆ ಇಟ್ಟೆ. ಬಾನೆಟ್ ನೆರಳಿನಲ್ಲಿತ್ತು, ಆದರೆ ಮುಟ್ಟಿದರೆ ಇನ್ನೂ ಬೆಚ್ಚಗಿತ್ತು. ಮೂರು ಹನಿ ಹಾಕಿ ಅರ್ಧ ಬಾನೆಟ್ ಒಂದೇ ಸಲಕ್ಕೆ ಓಡಿಸಿದೆ. ಸ್ವಲ್ಪ ಹೊತ್ತಿಗೆ ಪ್ಯಾಡ್ ಜಾರುವುದು ನಿಂತು ಹಿಡಿಯತೊಡಗಿತು, ಮಷೀನಿನ ಸದ್ದೂ ಬದಲಾಯಿತು. ಅಲ್ಲೇ ನಿಲ್ಲಿಸಬೇಕಿತ್ತು. ನಾನು ಇನ್ನೂ ಒತ್ತಿ ಹಿಡಿದೆ. ಕೊನೆಗೆ ಕೈಗೆ ಸಿಕ್ಕ ಹಳೇ ಟವೆಲಿನಲ್ಲಿ ಒರೆಸಿದೆ.

ಸಂಜೆ ಕಾರು ನೋಡಬೇಕಿತ್ತು ನೀವು. ಕನ್ನಡಿ! ಮೊದಲಿದ್ದ ಜೇಡರ ಬಲೆಯಂಥ ಗೀರುಗಳೂ ಇಲ್ಲ. ಹತ್ತು ಜನಕ್ಕೆ ಫೋಟೋ ಕಳಿಸಿದೆ, ಇಬ್ಬರಿಗೆ ನಾನೇ ಮಾಡಿಕೊಡುತ್ತೇನೆ ಅಂತ ಮಾತೂ ಕೊಟ್ಟೆ. ಅವರ ಪುಣ್ಯ, ಇಬ್ಬರಿಗೂ ಬಿಡುವಾಗಲಿಲ್ಲ.

ನಾಲ್ಕನೇ ವಾಶ್ ಆದ ಮೇಲೆ ಒಂದು ಸಂಜೆ, ಇಳಿಬಿಸಿಲು ಬಾನೆಟ್ ಮೇಲೆ ಅಡ್ಡವಾಗಿ ಬಿದ್ದಾಗ, ಏನೋ ತೆಳ್ಳಗೆ ಹಾಲು ಚೆಲ್ಲಿ ಒರೆಸಿದ ಹಾಗೆ ಕಂಡಿತು. ಧೂಳಿರಬೇಕು ಅಂತ ಬೆರಳಿನಿಂದ ಒರೆಸಿದೆ. ಹೋಗಲಿಲ್ಲ. ಟಾರ್ಚ್ ತಂದು ಬಿಟ್ಟೆ. ಇಡೀ ಬಾನೆಟ್ ತುಂಬಾ ಕೂದಲಿಗಿಂತ ಸಣ್ಣ ಗೆರೆಗಳು, ಮಷೀನ್ ಓಡಿಸಿದ ದಾರಿಯಲ್ಲೇ, ಒತ್ತೊತ್ತಾಗಿ. ಡ್ರೈವರ್ ಬಾಗಿಲಿನ ಹಿಡಿಕೆ ಕೆಳಗೆ ಅಲ್ಪವಿರಾಮದ ಹಾಗೆ ಸುರುಳಿ ಸುತ್ತಿದ ಆಳವಾದ ಗೀರುಗಳು ಬೇರೆ. ಹಳೆಯ ಗೀರುಗಳೂ ಅಲ್ಲೇ ಇದ್ದವು, ಎಲ್ಲಿಗೂ ಹೋಗಿರಲಿಲ್ಲ. ಅವುಗಳ ಜೊತೆಗೆ ನಾನು ಹೊಸ ಸಂಸಾರವನ್ನೇ ಕೂರಿಸಿದ್ದೆ.

ನಾನು ಇಷ್ಟುದ್ದ ಬರೆಯುತ್ತಿರುವುದೇ ಇದಕ್ಕೆ. ಕಾಂಪೌಂಡಿನಿಂದ ಗೀರಾದರೆ ಒರೆಸಿದ ತಕ್ಷಣ ಎಷ್ಟೋ ಕಂಡುಬಿಡುತ್ತದೆ. ಗ್ಲೇಝ್ ಮಾತ್ರ ಗೀರು ಮಾಡುತ್ತಾ ಮಾಡುತ್ತಾ ಅದನ್ನು ತಾನೇ ಮುಚ್ಚಿಕೊಂಡು ಹೋಗುತ್ತದೆ. ಒಂದು ಪ್ಯಾನೆಲಿನಲ್ಲಿ ಗೊತ್ತಾಗಬೇಕಾಗಿದ್ದ ತಪ್ಪು ಇಡೀ ಕಾರಿಗೆ ಹರಡಿದರೂ ನಿಮಗೆ ಹೊಳಪು ಮಾತ್ರ ಕಾಣುತ್ತಿರುತ್ತದೆ.

ತಪ್ಪು ಎಲ್ಲಾಯಿತು ಅಂತ ತಲೆ ಕೆಡಿಸಿಕೊಂಡು ಪ್ಯಾಡ್ ಹುಡುಕಿ ತೆಗೆದೆ. ಮಡಚಿ ಬೆಳಕಿಗೆ ಹಿಡಿದರೆ ಫೋಮಿನ ತೂತುಗಳೊಳಗೆ, ಅಂಚಿನಲ್ಲಂತೂ ಜಾಸ್ತಿ, ಸುಣ್ಣ ಒಣಗಿದ ಹಾಗೆ ಬಿಳಿ ಬಿಳಿ ಗಟ್ಟಿ ಚೂರು. ಉಗುರಿನಿಂದ ಕಿತ್ತು ಎರಡು ಬೆರಳ ನಡುವೆ ತಿಕ್ಕಿದೆ, ಕರಕರ ಅಂತು. ಹಳೇ ಸಿಡಿಯೊಂದು ಬಿದ್ದಿತ್ತು, ಅದರ ಹಿಂಬದಿಯ ಹೊಳೆಯುವ ಮೈಗೆ ಆ ಪ್ಯಾಡನ್ನು ಕೈಯಿಂದಲೇ ನಾಲ್ಕು ಸಲ ಉಜ್ಜಿದೆ. ಗೆರೆ ಎದ್ದವು, ಬಾನೆಟ್ ಮೇಲಿದ್ದಂಥವೇ. ಕೈಯಲ್ಲಿ ನಾಲ್ಕು ಸಲಕ್ಕೆ ಹೀಗಾದರೆ, ನಿಮಿಷಕ್ಕೆ ಸಾವಿರಾರು ಸಲ ಅಲ್ಲಾಡುವ ಮಷೀನಿನಲ್ಲಿ ಏನಾಗಿರಬೇಡ! ಅದೇ ಟವೆಲನ್ನೂ ಸಿಡಿಗೆ ಉಜ್ಜಿ ನೋಡಿದೆ. ಅದೂ ಪಾಲುದಾರನೇ.

ಬಾಗಿಲಿನ ಸುರುಳಿ ಗೀರು ಬಹುಶಃ ಕ್ಲೇ ಮಾಡದ್ದರ ಫಲ. ತೊಳೆದ ಪೇಂಟ್ ಮೇಲೆ ಕೈಗೆ ತೆಳು ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಸವರಿ ನೋಡಿ, ಬರಿಗೈಗೆ ಗೊತ್ತಾಗದ ಮರಳಿನಂಥ ಚೂರುಗಳು ಆಗ ತಿಳಿಯುತ್ತವೆ. ಅಂಥ ಒಂದು ಚೂರು ಕಿತ್ತು ಪ್ಯಾಡಿಗೆ ಅಂಟಿಕೊಂಡರೆ ಮುಂದೆ ಗೀಚುತ್ತಲೇ ಹೋಗುತ್ತದೆ. ಹಾಗಂತ ಕ್ಲೇ ಕೂಡ ಸಾಧು ಪ್ರಾಣಿಯಲ್ಲ, ಮೆತ್ತನೆಯ ಕಪ್ಪು ಪೇಂಟಿಗೆ ಅದೂ ಮಬ್ಬು ತರುತ್ತದೆ. ಜಾರುವಂತೆ ಮಾಡುವ ಲೂಬ್ರಿಕೆಂಟ್ ಧಾರಾಳವಾಗಿರಲಿ, ಒತ್ತಬೇಡಿ.

ಸರಿಪಡಿಸಲು ಎರಡು ಭಾನುವಾರ ಹೋದವು. ಐಸೋಪ್ರೊಪೈಲ್ ಆಲ್ಕೋಹಾಲಿಗೆ ನೀರು ಬೆರೆಸಿ ಗ್ಲೇಝ್ ಪೂರ್ತಿ ಒರೆಸಿ ತೆಗೆದೆ. ಹೊಸ ಫಿನಿಶಿಂಗ್ ಪ್ಯಾಡ್ (ಕೊನೆಯ ಹೊಳಪಿಗೆ ಬಳಸುವ ಮೆತ್ತನೆಯದು), ನುಣ್ಣನೆಯ ಫಿನಿಶಿಂಗ್ ಪಾಲಿಶ್ ತಂದು ಒಂದೊಂದೇ ಜಾಗ ಮಾಡಿದೆ. ಮಬ್ಬು ಹೋಯಿತು. ಆದರೆ ಪಾಲಿಶ್ ಮಾಡಿದಾಗೆಲ್ಲ ಕ್ಲಿಯರ್ ಕೋಟ್, ಅಂದರೆ ಬಣ್ಣದ ಮೇಲಿರುವ ಪಾರದರ್ಶಕ ಪದರ, ಸ್ವಲ್ಪ ಸವೆಯುತ್ತದೆ. ಅದು ಇರುವುದೇ ಸಾಮಾನ್ಯವಾಗಿ 40–50 ಮೈಕ್ರಾನ್, ತಲೆಕೂದಲಿಗಿಂತ ತೆಳು. ಸವೆದದ್ದು ಮತ್ತೆ ಬೆಳೆಯುವುದಿಲ್ಲ. ಅದಕ್ಕೇ ಬಾಗಿಲಿನ ಆಳದ ಗೀರುಗಳನ್ನು ಹಾಗೇ ಬಿಟ್ಟೆ.

ಮಷೀನಿನಲ್ಲೇ ಹಚ್ಚಬೇಕು ಅಂತ ಹಟ ಇದ್ದರೆ (ನನ್ನ ಕೇಳಿದರೆ ಉಜ್ಜುವ ಪುಡಿ ಇಲ್ಲದ ಗ್ಲೇಝಿಗೆ ಮಷೀನ್ ಬೇಕೇ ಇಲ್ಲ, ಮೆತ್ತನೆಯ ಸ್ಪಾಂಜಿನಲ್ಲಿ ಕೈಯಿಂದ ಹಚ್ಚಿದರೂ ಅಷ್ಟೇ ಹೊಳೆಯುತ್ತದೆ), ಗ್ಲೇಝಿಗೆ ಅಂತಲೇ ಒಂದು ಮೆತ್ತನೆಯ ಫಿನಿಶಿಂಗ್ ಫೋಮ್ ಪ್ಯಾಡ್ ಬೇರೆ ಇಡಿ, ಅದಕ್ಕೆ ಕಾಂಪೌಂಡ್ ಸೋಕಿಸಲೇಬೇಡಿ. ನೆಲಕ್ಕೆ ಬಿದ್ದರೆ ಆ ದಿನಕ್ಕೆ ಅದರ ಕಥೆ ಮುಗಿಯಿತು. ಮೊದಲು ಪ್ಯಾಡಿನ ಮೈಗೆಲ್ಲ ತೆಳುವಾಗಿ ಗ್ಲೇಝ್ ಸವರಿ, ಒಣ ಫೋಮ್ ಪೇಂಟಿಗೆ ತಾಗಬಾರದು. ಸ್ಪೀಡ್ 2 ಅಥವಾ 3 ಸಾಕು, ಮಷೀನಿನ ಭಾರವೇ ಸಾಕು, ಒಂದು ಸಲಕ್ಕೆ ಎರಡಡಿ ಚೌಕ ಸಾಕು. ಪೇಂಟ್ ತಣ್ಣಗಿರಲಿ. ಒರೆಸಲು ಲೇಬಲ್ ಕತ್ತರಿಸಿದ, ಸಾಫ್ಟನರ್ ಹಾಕದೆ ತೊಳೆದ ಮೈಕ್ರೋಫೈಬರ್ ಬಟ್ಟೆ. ಪ್ಯಾಡ್ ಹಿಡಿಯಲು ಶುರುವಾದರೆ ಕೈ ಎತ್ತಿ.

ಎಲ್ಲಕ್ಕಿಂತ ಮುಂಚೆ ಒಂದೇ ಒಂದು ಚೌಕ ಮಾಡಿ, ಹೊಳಪು ನೋಡಿ ಮರುಳಾಗದೆ, ಅದನ್ನು ಆಲ್ಕೋಹಾಲ್ ನೀರಿನಿಂದ ಹಗುರವಾಗಿ ಒರೆಸಿ ತೆಗೆದು ಟಾರ್ಚ್ ಬಿಟ್ಟು ನೋಡಿ. ಹಚ್ಚಿದ್ದನ್ನೇ ತೆಗೆಯುವುದು ಹುಚ್ಚುತನ ಅನ್ನಿಸಬಹುದು. ಆ ಐದು ನಿಮಿಷ ಉಳಿಸಲು ಹೋಗಿ ನಾನು ಎರಡು ಭಾನುವಾರ ಕಳೆದುಕೊಂಡೆ. ಇನ್ನೊಂದು, ಸೆರಾಮಿಕ್ ಕೋಟಿಂಗ್ (ಪೇಂಟ್ ಮೇಲೆ ಗಟ್ಟಿಯಾಗಿ ಕೂರುವ ರಕ್ಷಣೆಯ ಲೇಪ) ಮಾಡಿಸುವ ಯೋಚನೆ ಇದ್ದರೆ ಅದಕ್ಕೆ ಮುಂಚೆ ಗ್ಲೇಝ್ ಹಚ್ಚಬೇಡಿ. ಎಣ್ಣೆ ಇರುವ ಕಡೆ ಕೋಟಿಂಗ್ ಸರಿಯಾಗಿ ಹಿಡಿಯುವುದಿಲ್ಲ.

ಆ ಸಿಡಿ ಈಗ ಮಷೀನಿನ ಡಬ್ಬಿಯಲ್ಲೇ ಇದೆ. ಹೊಸ ಪ್ಯಾಡಾದರೂ, ಹೊಸ ಬಟ್ಟೆಯಾದರೂ, ಮೊದಲು ಅದರ ಮೂಲೆಯಲ್ಲಿ ನಾಲ್ಕು ಸಲ ಉಜ್ಜಿ ನೋಡಿಯೇ ಕಾರಿನ ಹತ್ತಿರ ಹೋಗುವುದು. ಉಜ್ಜಲು ಇನ್ನು ಜಾಸ್ತಿ ಜಾಗ ಉಳಿದಿಲ್ಲ, ಬೇರೆ ಸಿಡಿ ಹುಡುಕಬೇಕು.