ಗೇಟಿನ ಮುಂದೆ ಯಾವ ಮರ? ಟಬೆಬುಯಾ, ಕಕ್ಕೆ, ಹೊಂಗೆ

ನನ್ನ ಓಟು ಹೊಂಗೆಗೆ. ಐದು ವರ್ಷ ಬೆಳೆಸಿದ ಟಬೆಬುಯಾ, ಅದೇ ಗುಲಾಬಿ ಬಣ್ಣದ ಹೂ ಬಿಡುವ ಮರ, ಒಂದೇ ಸಂಜೆ ಮಲಗಿಬಿಟ್ಟಿತು. ಆ ಸಿಟ್ಟು ಇನ್ನೂ ಇದೆ. ಹಾಗಾಗಿ ನಾನು ಪಕ್ಷಪಾತಿ ಅಂತ ತಿಳಿದುಕೊಂಡೇ ಓದಿ.

ನಮ್ಮದು ಬೆಂಗಳೂರಿನ ಅಂಚಿನಲ್ಲಿ 30x40 ಸೈಟು. ಮನೆ ಕಟ್ಟಿದ ಮೇಲೆ ಉಳಿದದ್ದು ಗೇಟಿನ ಆಚೀಚೆ ಒಂದಿಷ್ಟು ಮಣ್ಣು, ಪಕ್ಕದಲ್ಲಿ ಒಂದು ಮೂಲೆ. 2014ರ ಜೂನ್‌ನಲ್ಲಿ ಮೂರು ಗಿಡ ಹಾಕಿದೆ. ಗುಲಾಬಿ ಟಬೆಬುಯಾ ನರ್ಸರಿಯಿಂದ ಬಂತು, ಆರು ಅಡಿ ಎತ್ತರ, 450 ರೂಪಾಯಿ. ಕಕ್ಕೆ ಸಣ್ಣ ಸಸಿ, ಅರಣ್ಯ ಇಲಾಖೆಯದು, ಪುಕ್ಕಟೆ ಅನ್ನುವಷ್ಟು ಅಗ್ಗ. ಹೊಂಗೆಗೆ ದುಡ್ಡೇ ಇಲ್ಲ. ಅಮ್ಮ ತುಮಕೂರಿನ ಕಡೆಯಿಂದ ಬರುವಾಗ ಚೀಲದಲ್ಲಿ ಒಂದು ಹಿಡಿ ಹೊಂಗೆಕಾಯಿ ಹಾಕಿಕೊಂಡು ಬಂದಿದ್ದರು. ಸಿಪ್ಪೆ ಒಡೆದು ಎರಡು ಬೀಜ ಊರಿದೆ. ಹದಿನೈದು ದಿನಕ್ಕೆ ಮೊಳಕೆ.

ಟಬೆಬುಯಾ ಚೆಂದ, ಅದರಲ್ಲಿ ಎರಡು ಮಾತಿಲ್ಲ. ಎಲೆ ಉದುರಿಸಿಕೊಂಡು ಬರೀ ಹೂವಾಗಿ ನಿಲ್ಲುತ್ತೆ. ಮಧ್ಯ ಅಮೆರಿಕದ ಮರ, ಎಲ್ ಸಾಲ್ವಡಾರ್ ದೇಶಕ್ಕೆ ರಾಷ್ಟ್ರೀಯ ಮರವಂತೆ. ನಮ್ಮದು 2018ರ ಫೆಬ್ರವರಿಯಲ್ಲಿ ಮೊದಲ ಸಲ ಹೂ ಬಿಟ್ಟಾಗ ರಸ್ತೆಯಲ್ಲಿ ಹೋಗುವವರೆಲ್ಲ ನಿಂತು ಫೋಟೊ ತೆಗೆದರು. ನಾನೂ ಸ್ವಲ್ಪ ಬೀಗಿದೆ.

ಮರುವರ್ಷ ಏಪ್ರಿಲ್‌ನಲ್ಲಿ ಒಂದು ಸಂಜೆ ಗಾಳಿ ಮಳೆ ಬಂತು. ಭಾರೀ ಗಾಳಿಯೇನಲ್ಲ, ಒಣಗಲು ಹಾಕಿದ ಬಟ್ಟೆ ಹಾರುವಷ್ಟು. ಪಕ್ಕದ ಮನೆ ಅಂಕಲ್ ಬಂದು ಬೆಲ್ ಒತ್ತಿದರು. "ಏನಮ್ಮಾ, ನಿಮ್ಮ ಮರ ನಮ್ಮ ಸ್ಕೂಟರ್ ಮೇಲೆ ಮಲಗಿದೆಯಲ್ಲ!" ಹೋಗಿ ನೋಡಿದರೆ ಕೊಂಬೆಯೊಂದೂ ಮುರಿದಿಲ್ಲ. ಇಡೀ ಮರವೇ ಬುಡಸಮೇತ ಎದ್ದು ಬಂದಿದೆ.

ಬೇರು ನೋಡಿದಾಗಲೇ ಅರ್ಥವಾದದ್ದು. ತಲೆ ಮೇಲೆ ಕೊಡ ಹೊರುವಾಗ ಇಡ್ತಾರಲ್ಲ, ಆ ಸಿಂಬೆಯ ಹಾಗೆ ಬೇರು ಸುತ್ತಿಕೊಂಡಿತ್ತು. ಗಿಡ ನರ್ಸರಿಯ ಪ್ಲಾಸ್ಟಿಕ್ ಕವರ್‌ನಲ್ಲೇ ವರ್ಷಗಟ್ಟಲೆ ಇದ್ದಿರಬೇಕು. ಕೆಳಗೆ ಇಳಿಯಲು ಜಾಗವಿಲ್ಲದೆ ಬೇರು ಅಲ್ಲೇ ಸುತ್ತು ಹೊಡೆದಿದೆ. ನೆಲಕ್ಕೆ ಹಾಕಿದ ಮೇಲೂ ಆ ಸುತ್ತು ಬಿಚ್ಚಿಕೊಳ್ಳಲಿಲ್ಲ, ಹಾಗೇ ದಪ್ಪ ಆಯ್ತು. ಮೇಲೆ ಹದಿನೈದು ಅಡಿ ಮರ, ಕೆಳಗೆ ಒಂದು ಬುಟ್ಟಿಯಷ್ಟು ಬೇರು.

"ದೊಡ್ಡ ಗಿಡ ತಗೊಳ್ಳಿ ಮೇಡಂ, ಬೇಗ ಹೂ ಬಿಡುತ್ತೆ" ಅಂದಿದ್ದ ನರ್ಸರಿಯವನು. ನಾನೂ ಆತುರಗಾರ್ತಿ. ಕವರ್ ಹರಿದು ಮಣ್ಣಿನ ಹೆಂಟೆಯನ್ನು ಹಾಗೇ ಗುಂಡಿಗೆ ಇಳಿಸಿದ್ದೆ. ಅವತ್ತೇ ಬ್ಲೇಡಿನಲ್ಲಿ ಹೊರಗಿನ ಸುತ್ತು ಬೇರನ್ನು ಮೇಲಿಂದ ಕೆಳಗೆ ನಾಲ್ಕು ಕಡೆ ಸೀಳಿ, ಕೈಯಲ್ಲಿ ಬಿಡಿಸಿ ಹಾಕಬೇಕಿತ್ತು. ಇಲ್ಲವೇ ಒಂದೂವರೆ ಅಡಿಯ ಎಳೆ ಸಸಿ ತರಬೇಕಿತ್ತು. ತಪ್ಪು ಮರದ್ದಲ್ಲ, ಗೊತ್ತು. ಆದರೂ ಸ್ಕೂಟರ್ ರಿಪೇರಿಗೆ 2,800 ರೂಪಾಯಿ, ಮರ ಕತ್ತರಿಸಿ ಸಾಗಿಸಲು 1,500 ಕೊಟ್ಟವಳು ನಾನು.

ಕಕ್ಕೆ ಬಗ್ಗೆ ದೂರಿಲ್ಲ. ಏಪ್ರಿಲ್‌ನಲ್ಲಿ ಹಳದಿ ಗೊಂಚಲು ಜೋತು ಬೀಳುತ್ತೆ. ಎದುರು ಮನೆಯ ಮಲಯಾಳಿ ಆಂಟಿ ವಿಷು ಹಬ್ಬಕ್ಕೆ ಕೇಳಿಕೊಂಡು ಬರುತ್ತಾರೆ. ಚಿಗುರನ್ನು ಹಸಿರು ಹುಳ ಮೇಯುತ್ತೆ. ಅದೇ ಆಮೇಲೆ ಚಿಟ್ಟೆಯಾಗಿ ಹಾರುತ್ತೆ, ಮರವೂ ಮತ್ತೆ ಚಿಗುರುತ್ತೆ. ಔಷಧಿ ಹೊಡೆಯಬೇಡಿ. ಆದರೆ ನೆರಳು ತೆಳು.



ಈಗ ನನ್ನ ಹೊಂಗೆ. ಬೀಜ ಊರಿದ ಜಾಗದಲ್ಲೇ ಬೆಳೆದದ್ದು, ಕವರ್ ಕಂಡೇ ಇಲ್ಲ. ತಾಯಿಬೇರು ನೇರ ಕೆಳಗೆ ಇಳಿದಿದೆ. ಟಬೆಬುಯಾ ಬಿದ್ದ ಸಂಜೆ ಇದು ಸುಮ್ನೆ ತಲೆ ಆಡಿಸಿಕೊಂಡು ನಿಂತಿತ್ತು. ವಾರ ಕಳೆಯುವಷ್ಟರಲ್ಲಿ ಮೊದಲ ಹೂವೂ ಬಂತು. ಫೋಟೊಗೆ ನಿಲ್ಲುವ ಹೂವಲ್ಲ. ತಿಳಿ ನೇರಳೆ ಬೆರೆತ ಬಿಳಿ, ಎಲೆ ಮರೆಯಲ್ಲಿ ಇರುತ್ತೆ. ಬೆಳಿಗ್ಗೆ ಬಾಗಿಲು ತೆಗೆದರೆ ನೆಲದ ಮೇಲೆ ಅರಳು ಚೆಲ್ಲಿದ ಹಾಗೆ. ಮೇಲೆ ಜೇನಿನ ಝೇಂಕಾರ. ಯುಗಾದಿ ಹೊತ್ತಿಗೆ ಬರುವ ಆ ಎಳೆ ಹಸಿರು ಇದೆಯಲ್ಲ, ಅದರ ಮುಂದೆ ನನಗೆ ಟಬೆಬುಯಾ ಬಣ್ಣವೂ ಸಪ್ಪೆ. ಬಿಸಿಲು ಏರುವ ಹೊತ್ತಿಗೆ ಸರಿಯಾಗಿ ನೆರಳು ದಟ್ಟ ಆಗಿರುತ್ತೆ.

ಕಾಟ ಇಲ್ಲವೇ? ಇದೆ. ಎಲೆ ಮೇಲೆ ನುಸಿಯಿಂದ ಗಂಟು ಗಂಟು ಏಳುತ್ತೆ. ನೋಡಲು ಅಸಹ್ಯ, ಮರಕ್ಕೇನೂ ಆಗಲ್ಲ. ಹೂ ಉದುರುವ ಮೂರು ವಾರ ದಿನಕ್ಕೆರಡು ಸಲ ಗುಡಿಸಬೇಕು, ಇಲ್ಲದಿದ್ದರೆ ಮಳೆನೀರಿನ ಪೈಪು ಕಟ್ಟಿಕೊಳ್ಳುತ್ತೆ. ನಾನು ಹೇಗೂ ಐದಕ್ಕೇ ಏಳುವವಳು. ಗುಡಿಸಿದ್ದನ್ನೆಲ್ಲ ಮಲ್ಲಿಗೆ, ಕರಿಬೇವಿನ ಬುಡಕ್ಕೆ ಹಾಕುತ್ತೇನೆ. ಊರಲ್ಲಿ ಗದ್ದೆಗೆ ಹೊಂಗೆ ಸೊಪ್ಪು ತುಳಿಯುತ್ತಿದ್ದರಲ್ಲ, ಅದೇ ಲೆಕ್ಕ. ಬೆಳಿಗ್ಗೆ ಪುರುಸೊತ್ತಿಲ್ಲದವರು ಕಕ್ಕೆ ಹಾಕಿಕೊಳ್ಳಿ.

1908ರಲ್ಲಿ ಬೆಂಗಳೂರಿಗೆ ಬಂದ ಜರ್ಮನ್ ತೋಟಗಾರ ಕ್ರುಂಬಿಗಲ್ ವರ್ಷವಿಡೀ ಒಂದಲ್ಲ ಒಂದು ಮರ ಹೂ ಬಿಡುವ ಹಾಗೆ ಊರಲ್ಲಿ ಮರ ಹಾಕಿಸಿದರು. ಅವರಿಗೆ ಇಡೀ ರಸ್ತೆಗಳಿದ್ದವು, ನನಗಿರುವುದು ಗೇಟಿನ ಪಕ್ಕದ ನಾಲ್ಕಡಿ. ಟಬೆಬುಯಾ ನೋಡಬೇಕು ಅನ್ನಿಸಿದರೆ ಫೆಬ್ರವರಿಯಲ್ಲಿ ಬಸ್ಸಿನ ಕಿಟಕಿ ಸೀಟು ಹಿಡಿಯುತ್ತೇನೆ. ಅದು ಬಿದ್ದ ಗುಂಡಿ ಇನ್ನೂ ಖಾಲಿ ಇದೆ. ಅಮ್ಮನಿಗೆ ಫೋನ್ ಮಾಡಿ ಇನ್ನೊಂದು ಹಿಡಿ ಕಾಯಿ ಎತ್ತಿಡಲು ಹೇಳಿದ್ದೇನೆ.